ಮಾರ್ಮನ್ ಮಿಷನರಿ ಹುಡುಗನ ಒಂದು ವಾರ ಹೇಗಿರುತ್ತದೆ?

ನೀವು ಅಮೆರಿಕದ ಯೂಟಾದಲ್ಲಿದ್ದೀರಿ. ಪಕ್ಕದ ಮನೆಯ ಹದಿನೆಂಟರ ಹುಡುಗ ಮಿಷನ್‌ಗೆ, ಅಂದರೆ ತನ್ನ ಮಾರ್ಮನ್ ಚರ್ಚಿನ ಧರ್ಮಪ್ರಚಾರದ ಸೇವೆಗೆ ಹೊರಟಿದ್ದಾನೆ. ಎರಡು ವರ್ಷ ಅವನು ಅಲ್ಲಿ ಮಾಡುವುದಾದರೂ ಏನು, ಸಂಬಳ ಇದೆಯಾ, ಹೊರಡುವಾಗ ಏನು ಕೊಟ್ಟರೆ ಚೆನ್ನ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನವನು, ನಮ್ಮ ಮನೆಯವರೂ ಅದೇ ಚರ್ಚಿನವರು. ಇಂಗ್ಲೆಂಡಿನ ಪ್ರೆಸ್ಟನ್ ಸುತ್ತಮುತ್ತ ಮಿಷನರಿಯಾಗಿದ್ದೆ. ಕಂಡದ್ದನ್ನು ಹೇಳುತ್ತೇನೆ.

ಸಂಬಳ ಇಲ್ಲ. ಅಮೆರಿಕದ ಮನೆಗಳವರು ಮಗನ ಖರ್ಚಿಗೆ ಅಂತ ಚರ್ಚಿಗೆ ತಿಂಗಳಿಗೆ ಇಷ್ಟು ಅಂತ ಕಟ್ಟುತ್ತಾರೆ. 2020ರಲ್ಲಿ ಅದು 400 ಡಾಲರಿನಿಂದ 500ಕ್ಕೆ ಏರಿತು. ನಮ್ಮಂಥವರ ಮನೆಯವರು ಕೈಲಾದಷ್ಟು ಕೊಡುತ್ತಾರೆ, ಉಳಿದದ್ದಕ್ಕೆ ಚರ್ಚಿನ ನಿಧಿ ಇದೆ. ಯಾವ ಊರಿಗೆ ಹೋಗಬೇಕು ಅಂತ ನಾವು ಆರಿಸುವ ಹಾಗಿಲ್ಲ. ಚರ್ಚಿನಿಂದ ಕರೆ ಎಲ್ಲಿಗೆ ಬಂತೋ ಅಲ್ಲಿಗೆ. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ.

ವಾರ ಶುರುವಾಗುವುದು ಸೋಮವಾರ. ಅದು ನಮ್ಮ ಪಿ-ಡೇ, ಅಂದರೆ ತಯಾರಿಯ ದಿನ. ಬಟ್ಟೆ ಒಗೆಯುವುದು, ದಿನಸಿ ತರುವುದು, ಕಟಿಂಗ್, ಮನೆಗೆ ಮೇಲ್ ಬರೆಯುವುದು, ಎಲ್ಲ ಅವತ್ತೇ. ಮೊದಲೆಲ್ಲ ಕ್ರಿಸ್‌ಮಸ್‌ಗೆ ಒಮ್ಮೆ, ಅಮ್ಮಂದಿರ ದಿನಕ್ಕೆ ಒಮ್ಮೆ ಮಾತ್ರ ಫೋನ್ ಮಾಡಬಹುದಿತ್ತಂತೆ. 2019ರ ಫೆಬ್ರುವರಿಯಿಂದ ವಾರವಾರವೂ ಮನೆಯವರ ಜೊತೆ ಮಾತಾಡಬಹುದು. ಈ ಒಂದು ಬದಲಾವಣೆ ಎಷ್ಟು ಹುಡುಗರನ್ನು ಉಳಿಸಿದೆಯೋ! ನಾನು ಲಾಂಡ್ರಿ ಅಂಗಡಿಯ ಬೆಂಚಿನ ಮೇಲೆ ಕೂತು ಅಮ್ಮನಿಗೆ ವಿಡಿಯೊ ಕಾಲ್ ಮಾಡುತ್ತಿದ್ದೆ. ಊಟ ಏನು ಮಾಡಿದೆ ಅಂತ ಕೇಳಿ ಮುಗಿಯುವಷ್ಟರಲ್ಲಿ ಬಟ್ಟೆ ಒಣಗಿರುತ್ತಿತ್ತು. ಸಂಜೆ ಆರಕ್ಕೆ ಮತ್ತೆ ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ನೇಮ್ ಬ್ಯಾಡ್ಜ್. ಅದರಲ್ಲಿ ಮನೆತನದ ಹೆಸರಿಗೆ ಮೊದಲು ‘ಎಲ್ಡರ್’ ಅಂತ ಇರುತ್ತದೆ, ಅದು ಹುಡುಗ ಮಿಷನರಿಗಳನ್ನು ಕರೆಯುವ ಬಿರುದು. ಎರಡು ವರ್ಷ ಯಾರೂ ನಮ್ಮನ್ನು ಸ್ವಂತ ಹೆಸರು ಹಿಡಿದು ಕರೆಯುವುದಿಲ್ಲ.

ಪ್ರೆಸ್ಟನ್‌ಗೆ ಹೊಸದಾಗಿ ಬಂದವರನ್ನು ಒಂದು ಪಿ-ಡೇ ದಿನ ಏವನ್‌ಹ್ಯಾಮ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಾರೆ. ಪಾರ್ಕಿನ ಅಂಚಿನಲ್ಲೇ ರಿಬಲ್ ನದಿ. ನಮ್ಮ ಚರ್ಚಿನ ಮೊದಲ ಮಿಷನರಿಗಳು ಅಮೆರಿಕದಿಂದ ಬ್ರಿಟನ್ನಿಗೆ ಬಂದದ್ದು 1837ರಲ್ಲಿ. ಆ ವರ್ಷ ಜುಲೈ 30ರಂದು ಈ ನದಿಯಲ್ಲಿ ಒಂಬತ್ತು ಜನರಿಗೆ ದೀಕ್ಷಾಸ್ನಾನ ಆಯಿತು. ಮೊದಲು ನೀರಿಗಿಳಿಯುವವರು ಯಾರು ಅಂತ ಇಬ್ಬರು ಓಟದ ಪಂದ್ಯ ಕಟ್ಟಿದರು. ಗೆದ್ದವನು ಜಾರ್ಜ್ ವ್ಯಾಟ್. ಓಡಿ ಬಂದು ನೀರಿಗಿಳಿದವರ ಆ ನದಿಯನ್ನು ನೋಡಿದ್ದು ಮುಂದೆ ನನಗೆ ಬಹಳ ಧೈರ್ಯ ಕೊಟ್ಟಿತು. ಯಾಕೆಂದರೆ ಈಗ ಅಲ್ಲಿ ಬಾಗಿಲು ತೆರೆಯುವವರೇ ಕಮ್ಮಿ.

ಮಂಗಳವಾರದಿಂದ ಶನಿವಾರದವರೆಗೆ ದಿನಚರಿ ಹೆಚ್ಚುಕಮ್ಮಿ ಒಂದೇ. ಬೆಳಗ್ಗೆ ಆರೂವರೆಗೆ ಏಳಬೇಕು. ವ್ಯಾಯಾಮ, ತಿಂಡಿ, ಆಮೇಲೆ ಬೈಬಲ್ ಮತ್ತು ನಮ್ಮ ಚರ್ಚಿನ ಇನ್ನೊಂದು ಧರ್ಮಗ್ರಂಥ ಬುಕ್ ಆಫ್ ಮಾರ್ಮನ್ ಓದು, ಮೊದಲು ಒಬ್ಬರೇ, ಆಮೇಲೆ ಇಬ್ಬರೂ ಸೇರಿ. ಹತ್ತರ ಹೊತ್ತಿಗೆ ಮನೆ ಬಿಡಬೇಕು. ರಾತ್ರಿ ಒಂಬತ್ತು, ಒಂಬತ್ತೂವರೆಗೆ ವಾಪಸ್. ಹತ್ತೂವರೆಗೆ ದೀಪ ಆರಿಸಬೇಕು. ನಡುವೆ ಬಾಗಿಲು ತಟ್ಟುವುದು, ಬಸ್ ಸ್ಟಾಪಿನಲ್ಲಿ ಮಾತಾಡಿಸುವುದು, ಫೇಸ್‌ಬುಕ್‌ನಲ್ಲಿ ಬಂದ ಮೆಸೇಜಿಗೆ ಉತ್ತರ, ಆಸಕ್ತಿ ಇದ್ದವರ ಮನೆಯಲ್ಲಿ ಪಾಠ. ಹೆಚ್ಚಿನ ಬಾಗಿಲುಗಳಲ್ಲಿ ಸಿಗುವುದು ‘ಬೇಡಪ್ಪಾ’. ಮಳೆಯಲ್ಲಿ ನೆಂದುಕೊಂಡು ನಿಂತವರನ್ನು ನೋಡಿ ಟೀ ಕೊಡಲಾ ಅಂತ ಕೇಳುವವರೂ ಇದ್ದರು. ಪ್ರೆಸ್ಟನ್‌ನಲ್ಲಿ ಗುಜರಾತಿಗಳು ಜಾಸ್ತಿ. ನನ್ನ ಮುಖ ನೋಡಿದ ಕೂಡಲೇ ಆಂಟಿಯರು ‘ಬೇಟಾ, ಚಾಯ್?’ ಅನ್ನುತ್ತಿದ್ದರು. ನಮ್ಮಲ್ಲಿ ಟೀ, ಕಾಫಿ, ಮದ್ಯ, ತಂಬಾಕು ಯಾವುದೂ ಇಲ್ಲ. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವುದು ನಮ್ಮ ಕಡೆಯ ಹುಡುಗನಿಗೆ ಕಷ್ಟ, ಅಲ್ವಾ? ಬಿಸಿನೀರು ಕೊಡಿ ಸಾಕು ಅಂತ ಕೇಳಿ, ಅದನ್ನೇ ನಿಧಾನವಾಗಿ ಕುಡಿದು ಕೂತು ಮಾತಾಡುತ್ತಿದ್ದೆವು.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಮಿಷನರಿ ಒಬ್ಬನೇ ಇರುವ ಹಾಗಿಲ್ಲ. ಸ್ನಾನದ ಮನೆ ಬಿಟ್ಟರೆ ಉಳಿದೆಲ್ಲ ಕಡೆ ಕಂಪ್ಯಾನಿಯನ್ ಪಕ್ಕದಲ್ಲೇ ಇರುತ್ತಾನೆ. ಆ ಜೊತೆಗಾರನನ್ನೂ ನಾವು ಆರಿಸುವುದಿಲ್ಲ. ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್ ಪಟ್ಟಿ ಬರುತ್ತದೆ. ಕೆಲವರು ಬದಲಾಗುತ್ತಾರೆ, ಕೆಲವರು ಹಾಗೇ ಮುಂದುವರಿಯುತ್ತಾರೆ. ನನಗೆ ಒಮ್ಮೆ ಸಿಕ್ಕವನು ಅಮೆರಿಕದ ಐಡಾಹೋದ ರೈತರ ಮನೆಯವನು. ಮಾತು ಕಮ್ಮಿ. ನಾನು ಮಾಡುವ ಚಿತ್ರಾನ್ನವನ್ನು ಸುಮ್ನೆ ತಿನ್ನುತ್ತಿದ್ದ, ಸೇರಿತೋ ಇಲ್ಲವೋ ಹೇಳುತ್ತಿರಲಿಲ್ಲ.

ವಾರಕ್ಕೊಮ್ಮೆ ಮುಂದಿನ ವಾರದ ಯೋಜನೆಗೆ ಇಬ್ಬರೂ ಕೂರಬೇಕು. ಗೊತ್ತಿರುವ ಪ್ರತಿಯೊಬ್ಬರ ಹೆಸರನ್ನೂ ಒಂದೊಂದಾಗಿ ತೆಗೆದುಕೊಂಡು, ಇವರಿಗೆ ಈ ವಾರ ಏನು ಬೇಕು ಅಂತ ಯೋಚಿಸುತ್ತೇವೆ. ಕೊನೆಗೆ ಒಬ್ಬರಿಗೊಬ್ಬರು ಮನಸ್ಸು ಬಿಚ್ಚಿ ಮಾತಾಡುವ ಹೊತ್ತು ಇರುತ್ತದೆ. ನನ್ನಿಂದ ಏನಾದರೂ ಬೇಜಾರಾಗಿದೆಯಾ, ನಿನಗೆ ಏನು ಸಹಾಯ ಬೇಕು ಅಂತ ಕೇಳಲೇಬೇಕು. ಅಂಥ ಒಂದು ದಿನ ಅವನು ಬಹಳ ಹೊತ್ತು ಸುಮ್ಮನಿದ್ದು, ಊರಿನಲ್ಲಿ ಈಗ ಆಲೂಗಡ್ಡೆ ಕೀಳುವ ಕಾಲ, ಅಪ್ಪ ಒಬ್ಬರೇ ಇದ್ದಾರೆ ಅಂದ. ಕಣ್ಣು ತುಂಬಿತ್ತು. ಅವತ್ತಿನಿಂದ ಅವನ ಮೌನ ನನಗೆ ಭಾರ ಅನಿಸಲಿಲ್ಲ. ಇಡೀ ವಾರದಲ್ಲಿ ಅತಿ ಮುಖ್ಯವಾದ ಹೊತ್ತು ಯಾವುದು ಅಂತ ಕೇಳಿದರೆ ಇದನ್ನೇ ಹೇಳುತ್ತೇನೆ. ಎಷ್ಟು ಬಾಗಿಲು ತಟ್ಟಿದೆವು ಅನ್ನುವ ಲೆಕ್ಕ ಆಮೇಲಿನದು.

ನಮ್ಮ ಪಟ್ಟಿಯಲ್ಲಿ ಒಬ್ಬ ಅಜ್ಜ ಇದ್ದರು. ಹೆಂಡತಿ ತೀರಿಕೊಂಡಿದ್ದರು. ದೇವರ ವಿಷಯ ಬೇಡ, ಬೇಕಿದ್ದರೆ ಬೇಲಿಯ ಗಿಡ ಕತ್ತರಿಸಿ ಕೊಡಿ ಅಂತ ಬಾಗಿಲಲ್ಲೇ ಹೇಳಿದ್ದರು. ಕತ್ತರಿಸಿ ಕೊಟ್ಟೆವು. ಆಮೇಲೆ ಪ್ರತಿ ವಾರ ಹೋಗುತ್ತಿದ್ದೆವು. ನಾವು ಗಿಡ ಕತ್ತರಿಸುತ್ತಿದ್ದರೆ ಅವರು ಮೆಟ್ಟಿಲ ಮೇಲೆ ಕೂತು ಹೆಂಡತಿಯ ಕಥೆ ಹೇಳುತ್ತಿದ್ದರು. ಆ ಗುಲಾಬಿಯನ್ನು ಮಾತ್ರ ಮುಟ್ಟಬೇಡಿ, ಅದು ಅವಳು ನೆಟ್ಟದ್ದು ಅನ್ನುತ್ತಿದ್ದರು. ಅವರು ಯಾವತ್ತೂ ಚರ್ಚಿಗೆ ಬರಲಿಲ್ಲ, ನಾವೂ ಒತ್ತಾಯ ಮಾಡಲಿಲ್ಲ. ಆದರೂ ಯೋಜನೆಗೆ ಕೂತಾಗಲೆಲ್ಲ ಅವರ ಹೆಸರು ಬರುತ್ತಿತ್ತು. ನಾನು ಬೇರೆ ಊರಿಗೆ ಹೋಗುವಾಗ ನನ್ನ ಜಾಗಕ್ಕೆ ಬಂದವನಿಗೆ ಗುಲಾಬಿಯ ವಿಷಯವನ್ನೂ ಹೇಳಿಯೇ ಹೋದೆ.

ಭಾನುವಾರ ಎರಡು ಗಂಟೆಯ ಆರಾಧನೆ. ರೊಟ್ಟಿ ಮತ್ತು ನೀರಿನ ಪ್ರಸಾದ, ಸದಸ್ಯರ ಭಾಷಣ, ತರಗತಿ. ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಉಪವಾಸ. ಸಂಜೆ ಯಾರಾದರೂ ಸದಸ್ಯರ ಮನೆಯಲ್ಲಿ ಊಟ ಸಿಕ್ಕರೆ ಅದೇ ಹಬ್ಬ.

ಇನ್ನು ಉಡುಗೊರೆ. ಒಳ್ಳೆಯ ಕಾಲುಚೀಲ ಕೊಡಿ, ಒಂದೆರಡು ಜೊತೆ ಜಾಸ್ತಿಯೇ ಇರಲಿ. ಮಳೆಯ ಊರಾದರೆ ಗಟ್ಟಿ ಛತ್ರಿ. ದೊಡ್ಡ ಸಾಮಾನು ಬೇಡ, ಎಲ್ಲವನ್ನೂ ಅವನು ಊರೂರಿಗೆ ಹೊತ್ತು ತಿರುಗಬೇಕು. ಮುಖ್ಯವಾಗಿ ಅವನ ಮೇಲ್ ವಿಳಾಸ ತೆಗೆದುಕೊಳ್ಳಿ. ಅವನ ಪಿ-ಡೇ ಯಾವ ದಿನ ಅಂತ ಕೇಳಿಕೊಂಡು, ಹಿಂದಿನ ರಾತ್ರಿಯೇ ನಾಲ್ಕು ಸಾಲು ಬರೆದು ಕಳಿಸಿ. ಬೀದಿಯಲ್ಲಿ ಹಿಮ ಬಿತ್ತು, ಪಕ್ಕದ ಮನೆ ನಾಯಿ ಮರಿ ಹಾಕಿತು, ಇಂಥದ್ದೇ ಸಾಕು. ಮೊದಲ ಕೆಲವು ತಿಂಗಳು ಎಲ್ಲರೂ ಬರೆಯುತ್ತಾರೆ. ಎರಡನೇ ವರ್ಷ ಮೇಲ್‌ಗಳು ಕಮ್ಮಿಯಾಗುತ್ತವೆ. ನೀವು ಆಗಲೂ ಬರೆಯಿರಿ.