ಬ್ರೈಟ್ನರ್ ಜಾಸ್ತಿಯಾದರೆ ನಿಕ್ಕಲ್ ಪದರ ಒಡೆಯುತ್ತದೆ

ಮಾಲೂರಿನ ನಿಮ್ಮ ಪ್ಲೇಟಿಂಗ್ ಶೆಡ್ಡಿನಲ್ಲಿ ಕಬ್ಬಿಣದ ಮೇಲೆ ಕರೆಂಟ್ ಹಾಯಿಸಿ ಲೇಪಿಸಿದ ನಿಕ್ಕಲ್ ಕನ್ನಡಿ ಥರ ಹೊಳೆಯುತ್ತದೆ, ಆದರೆ ಬಗ್ಗಿಸಿದರೆ ಬಿರುಕು ಬಿಡುತ್ತದೆ, ಯಾಕೆ ಅಂತ ಕೇಳಿದ್ದೀರಿ. ಹೊಳಪು ಕಮ್ಮಿ ಅನಿಸಿದಾಗೆಲ್ಲ ಬ್ರೈಟ್ನರ್ (ಹೊಳಪು ಕೊಡುವ ರಾಸಾಯನಿಕ) ಸುರಿಯುತ್ತೀರಿ ಅಂತಲೂ ಬರೆದಿದ್ದೀರಿ. ತೊಂದರೆ ಅಲ್ಲೇ ಇರಬೇಕು. ತುಮಕೂರಿನ ಅಂತರಸನಹಳ್ಳಿಯಲ್ಲಿ ಕೆಲಸ ಮಾಡುವಾಗ ನಾನೂ ಇದೇ ತಪ್ಪು ಮಾಡಿದ್ದೆ, ಒಂದು ಇಡೀ ಲಾಟ್ ವಾಪಸ್ ಬಂತು.

ಮೊದಲು ಇದನ್ನು ನೋಡಿ. ಪದರ ಸಿಪ್ಪೆಯ ಹಾಗೆ ಎದ್ದು ಕೆಳಗಿನ ಕಬ್ಬಿಣ ಕಾಣುತ್ತಿದ್ದರೆ ಡಿಗ್ರೀಸಿಂಗ್ (ಎಣ್ಣೆ ಜಿಡ್ಡು ತೆಗೆಯುವುದು) ಅಥವಾ ಆಸಿಡ್ ಡಿಪ್ (ಆಸಿಡ್ಡಿನಲ್ಲಿ ಅದ್ದುವುದು) ಸರಿಯಾಗಿಲ್ಲ. ಅಂಟಿಕೊಂಡೇ ಸೀಳುತ್ತಿದ್ದರೆ ಪದರವೇ ಪೆಡಸಾಗಿದೆ.

ವ್ಯಾಟ್ಸ್ ಬಾತ್‌ಗೆ, ಅಂದರೆ ನಿಕ್ಕಲ್ ಲೇಪಿಸುವ ದ್ರಾವಣಕ್ಕೆ, ಹಾಕುವ ಬ್ರೈಟ್ನರ್ ಎರಡು ಬಗೆ. ಸ್ಯಾಕರಿನ್ ನಿಕ್ಕಲ್ ಹರಳುಗಳನ್ನು ಸಣ್ಣದು ಮಾಡುತ್ತದೆ, ಪದರದೊಳಗಿನ ಎಳೆತವನ್ನು ಇಳಿಸುತ್ತದೆ. ಬ್ಯುಟೈನ್‌ಡಯೋಲ್ ಥರದ್ದು ಉಬ್ಬಿದ ಜಾಗಕ್ಕೆ ಹೆಚ್ಚು ಅಂಟಿಕೊಂಡು ಅಲ್ಲಿ ನಿಕ್ಕಲ್ ಕೂರುವುದನ್ನು ತಡೆಯುತ್ತದೆ, ಹಾಗಾಗಿ ಗೀರುಗಳು ತುಂಬಿ ಮೇಲ್ಮೈ ಸಮವಾಗಿ ಹೊಳಪು ಬರುತ್ತದೆ, ಆದರೆ ಇದು ಜಾಸ್ತಿಯಾದರೆ ಎಳೆತ ಏರಿ ಪದರ ಹಪ್ಪಳದ ಹಾಗೆ ಮುರಿಯುತ್ತದೆ. ಪಿಎಚ್ 5 ದಾಟಿದರೂ ಹೀಗೇ ಆಗುತ್ತದೆ, 4ರ ಆಸುಪಾಸಿನಲ್ಲಿ ಇಡಿ.

ಸುಮ್ನೆ ಕಣ್ಣಂದಾಜಿಗೆ ಸುರಿಯಬೇಡಿ, ಆಂಪಿಯರ್-ಅವರ್ ಲೆಕ್ಕದಲ್ಲಿ (ಎಷ್ಟು ಕರೆಂಟ್ ಎಷ್ಟು ಹೊತ್ತು ಹರಿಯಿತು ಅಂತ ನೋಡಿ) ಹಾಕಿ. 267 ಎಂಎಲ್ ಹಲ್ ಸೆಲ್‌ನಲ್ಲಿ (ಬಾತ್ ಪರೀಕ್ಷಿಸುವ ಸಣ್ಣ ತೊಟ್ಟಿ) 2 ಆಂಪಿಯರ್ ಕೊಟ್ಟು 10 ನಿಮಿಷ ಓಡಿಸಿ, ಅದರಲ್ಲಿ ಲೇಪನವಾದ ಪ್ಯಾನೆಲ್ (ತಗಡು) ಬಗ್ಗಿಸಿ ನೋಡಿ. ಒಡೆದರೆ, ಜಾಸ್ತಿಯಾದ ಬ್ರೈಟ್ನರ್ ಹೀರಿಕೊಳ್ಳಲು ಬಾತ್‌ಗೆ ಆಕ್ಟಿವೇಟೆಡ್ ಕಾರ್ಬನ್ ಹಾಕಿ ಕಲಕಿ, ಸೋಸಿ, ಆಮೇಲೆ ಬ್ರೈಟ್ನರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾ ಬನ್ನಿ. ಕಾರ್ಬನ್ ವೆಟ್ಟಿಂಗ್ ಏಜೆಂಟನ್ನೂ (ಗುಳ್ಳೆ ಅಂಟದಂತೆ ತಡೆಯುವ ರಾಸಾಯನಿಕ) ಹೀರಿಕೊಳ್ಳುತ್ತದೆ. ಅದನ್ನು ಮತ್ತೆ ಹಾಕದಿದ್ದರೆ ಹೈಡ್ರೋಜನ್ ಗುಳ್ಳೆಗಳು ಜಾಬ್‌ಗೆ (ಲೇಪಿಸುವ ವಸ್ತುವಿಗೆ) ಅಂಟಿ ಸೂಜಿ ಚುಚ್ಚಿದಂತೆ ತೂತು ಬೀಳುತ್ತವೆ.