ಓದುಗರ ಪ್ರಶ್ನೆ: ನಲವತ್ತು ವರ್ಷ ಜೊತೆಗಿದ್ದ ಗಿಟಾರನ್ನು ಮಾರುವ ಮುನ್ನ

ಪ್ರಶ್ನೆ: ವಾದ್ಯಗೋಷ್ಠಿಯಲ್ಲಿ ನನ್ನ ಜೊತೆ ನುಡಿಸುತ್ತಿದ್ದ ಗೆಳೆಯನಿಂದ 1981ರಲ್ಲಿ ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ ಎಂಬ ಮಾದರಿಯ ಎಲೆಕ್ಟ್ರಿಕ್ ಗಿಟಾರೊಂದನ್ನು ಕೊಂಡೆ. ಅದು 1967ರದ್ದೆಂದು ಆತ ಹೇಳಿದ್ದ. ಬೆರಳಿನ ಗಂಟುಗಳು ಹಿಡಿದುಕೊಂಡಿರುವುದರಿಂದ ಎರಡು ವರ್ಷಗಳಿಂದ ಅದು ಪೆಟ್ಟಿಗೆಯಲ್ಲೇ ಇದೆ. ಮನೆಯಲ್ಲಿ ಬೇರೆ ಯಾರೂ ನುಡಿಸುವುದಿಲ್ಲ. ಮುಂಗೈ ಊರುವ ಜಾಗದಲ್ಲಿ ಬಣ್ಣ ಸವೆದು ಮರ ಕಾಣುತ್ತಿದೆ. ಶ್ರುತಿ ನಿಲ್ಲುತ್ತಿಲ್ಲವೆಂದು 1986ರಲ್ಲಿ ಬಿರಡೆಗಳನ್ನು ಬದಲಾಯಿಸಿದ್ದೆ, ಹಳೆಯವು ಡಬ್ಬಿಯೊಂದರಲ್ಲಿವೆ. ಹೊಸ ಬಣ್ಣ ಹೊಡೆಸಿದರೆ ಹೆಚ್ಚು ಬೆಲೆ ಬರುತ್ತದೆ ಎನ್ನುತ್ತಾರೆ ಅಳಿಯಂದಿರು. ಹಾಗೆ ಮಾಡಲೇ? ಮಾರಲು ಮನಸ್ಸೂ ಪೂರ್ತಿ ಒಪ್ಪುತ್ತಿಲ್ಲ.

ಉತ್ತರ: ದಯವಿಟ್ಟು ಬಣ್ಣ ಹೊಡೆಸಬೇಡಿ. ಹಳೆಯ ಗಿಟಾರಿನ ವಿಷಯದಲ್ಲಿ ಇದಕ್ಕಿಂತ ದುಬಾರಿಯಾದ ತಪ್ಪು ಇನ್ನೊಂದಿಲ್ಲ. ಕಾರ್ಖಾನೆಯ ಮೂಲ ಬಣ್ಣವನ್ನು ತೆಗೆಸಿ ಹೊಸದಾಗಿ ಬಳಿಸಿದ ವಾದ್ಯಕ್ಕೆ, ಅಷ್ಟೇ ವಯಸ್ಸಿನ ಮೂಲ ಬಣ್ಣದ ವಾದ್ಯಕ್ಕೆ ಸಿಗುವ ಬೆಲೆಯಲ್ಲಿ ಸುಮಾರು ಅರ್ಧ ಮಾತ್ರ ಸಿಗುತ್ತದೆ ಎಂಬುದು ಈ ವ್ಯಾಪಾರದಲ್ಲಿ ಎಲ್ಲರೂ ಒಪ್ಪಿಕೊಂಡಿರುವ ಲೆಕ್ಕ. ಮುಚ್ಚಿಡಲೂ ಆಗದು: ಹಳೆಯ ನೈಟ್ರೋಸೆಲ್ಯುಲೋಸ್ ಮೆರುಗೆಣ್ಣೆ ನೇರಳಾತೀತ ದೀಪದ ಕೆಳಗೆ ತನ್ನದೇ ರೀತಿಯಲ್ಲಿ ಹೊಳೆಯುತ್ತದೆ, ಆಮೇಲೆ ಬಳಿದದ್ದು ಬೇರೆಯಾಗಿಯೇ ಕಾಣುತ್ತದೆ. ಫೆಂಡರ್ ಕಂಪನಿ ದಪ್ಪನೆಯ ಪಾಲಿಯೆಸ್ಟರ್ ಲೇಪಕ್ಕೆ ಹೊರಳಿದ್ದು 1968ರ ಸುಮಾರಿಗೆ. ಅದಕ್ಕಿಂತ ಹಿಂದಿನ ತೆಳುವಾದ ಮೆರುಗು ಕೈಯ ಬೆವರಿಗೆ, ಅಂಗಿಯ ತೋಳಿಗೆ ಸಿಕ್ಕಿ ನೀವು ಹೇಳಿದ ಹಾಗೆಯೇ ಸವೆಯುತ್ತದೆ. ಆದ್ದರಿಂದ ನೀವು ಕುಂದು ಎಂದುಕೊಂಡಿರುವ ಆ ಸವೆದ ಜಾಗ ಬಣ್ಣ ಮೂಲದ್ದೇ ಎನ್ನುವುದಕ್ಕೆ ಒಂದು ಸಾಕ್ಷಿ. ಪಾಲಿಶ್ ಹಾಕಿ ಉಜ್ಜುವುದೂ ಬೇಡ. ಒಣಗಿದ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು.

ಬಿರಡೆಗಳನ್ನು ಬದಲಾಯಿಸಿದ್ದರಿಂದ, ಅದರಲ್ಲೂ ಆಗ ತಲೆಯ ಹಿಂದೆ ಹೊಸ ತೂತು ಕೊರೆಸಿದ್ದರೆ, ಬೆಲೆ ಸ್ವಲ್ಪ ಇಳಿಯುವುದು ನಿಜ. ಆ ತೂತುಗಳನ್ನು ಈಗ ಮುಚ್ಚಿಸಬೇಡಿ. ಹಳೆಯ ಬಿರಡೆಗಳನ್ನು ಡಬ್ಬಿಯ ಸಮೇತ ವಾದ್ಯದೊಂದಿಗೇ ಕೊಡಿ. ಕೂರಿಸಬೇಕೋ ಬೇಡವೋ ಎಂಬುದು ಕೊಳ್ಳುವವರಿಗೆ ಸೇರಿದ್ದು. ನಲವತ್ತು ವರ್ಷ ಅವನ್ನು ಎಸೆಯದೆ ಇಟ್ಟುಕೊಂಡಿರುವ ನಿಮ್ಮ ಜಾಗ್ರತೆಗೆ ಈಗ ಬೆಲೆ ಬರಲಿದೆ.

ಇನ್ನು ವರ್ಷದ ಮಾತು. ಗೆಳೆಯರ ಮಾತನ್ನು ನಂಬಿ ಮಾರುವುದು ಸರಿಯಲ್ಲ, ಆದರೆ ಉತ್ತರ ವಾದ್ಯದ ಒಳಗೇ ಇದೆ. ನುರಿತ ರಿಪೇರಿಯವರೊಬ್ಬರ ಹತ್ತಿರ ನಾಲ್ಕು ತಿರುಪು ಬಿಚ್ಚಿಸಿ ಕತ್ತನ್ನು ಬೇರ್ಪಡಿಸಿದರೆ, ಅದರ ಬುಡದಲ್ಲಿ ‘13 ಸೆಪ್ 67 ಬಿ’ ಎಂಬಂಥ ಮುದ್ರೆ ಕಾಣಬೇಕು. ಇಲ್ಲಿ 13 ಎಂಬುದನ್ನು ತಾರೀಖೆಂದು ಓದುವವರೇ ಹೆಚ್ಚು. ಅದು ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಸಂಕೇತ. ಕೊನೆಯ ಅಕ್ಷರ ಕತ್ತಿನ ಅಗಲವನ್ನು ಸೂಚಿಸುತ್ತದೆ. ಧ್ವನಿ ಏರಿಳಿಸುವ ಪಾಟ್‌ಗಳ ಬೆನ್ನಿನ ಮೇಲೂ ಅಂಕಿಗಳಿರುತ್ತವೆ: ಉದಾಹರಣೆಗೆ 1376633 ಎಂದಿದ್ದರೆ, 137 ತಯಾರಕರ ಸಂಖ್ಯೆ, 66 ವರ್ಷ, 33 ಆ ವರ್ಷದ ವಾರ. ನಿಮ್ಮ ಗಿಟಾರಿನಲ್ಲಿ 1966ರ ಪಾಟ್‌ಗಳು ಸಿಕ್ಕರೆ ಗಾಬರಿಯಾಗಬೇಡಿ. ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ 1965ರಲ್ಲಿ ಫೆಂಡರನ್ನು ಕೊಂಡ ಮೇಲೆ, 1966ರಲ್ಲಿ ತಯಾರಾದ ಪಾಟ್‌ಗಳ ದೊಡ್ಡ ದಾಸ್ತಾನು ಕಾರ್ಖಾನೆಯಲ್ಲಿದ್ದು, ಅವು ಮುಂದಿನ ಕೆಲವು ವರ್ಷಗಳ ಗಿಟಾರುಗಳಲ್ಲೂ ಸೇರಿವೆ. ಈ ಅಂಕಿ ವಾದ್ಯ ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳುತ್ತದೆ. ಬಿಚ್ಚಿಸಿದಾಗ ಎಲ್ಲದರ ಫೋಟೋ ತೆಗೆದುಕೊಳ್ಳಿ, ಆದರೆ ಒಂದೇ ಒಂದು ಬೆಸುಗೆಯನ್ನೂ ಕರಗಿಸಲು ಬಿಡಬೇಡಿ. ಕಾರ್ಖಾನೆಯಲ್ಲಿ ಹಾಕಿದ ಬೆಸುಗೆ ಅಲುಗಿಲ್ಲ ಎಂಬುದನ್ನೂ ಬಲ್ಲವರು ಲೆಕ್ಕಕ್ಕೆ ಹಿಡಿಯುತ್ತಾರೆ.

ಬೆಲೆ ಕಟ್ಟುವಾಗ ಮಾರಾಟಗಾರರು ಕೇಳುತ್ತಿರುವ ಮೊತ್ತವನ್ನು ನೋಡಬೇಡಿ, ನಿಜವಾಗಿ ಮಾರಾಟವಾದ ಮೊತ್ತವನ್ನು ನೋಡಿ. ಅಂಗಡಿಯವರಿಗೆ ಒಮ್ಮೆಲೇ ಮಾರಿದರೆ ಅವರು ಮುಂದೆ ಮಾರುವ ಬೆಲೆಯ ಅರ್ಧಕ್ಕಿಂತ ತುಸು ಹೆಚ್ಚು ಕೈಗೆ ಬಂದೀತು. ಅವರ ಬಳಿ ಇಟ್ಟು ಮಾರಿಸಿದರೆ ಕಮಿಷನ್ ಕಳೆದು ಉಳಿದದ್ದು ನಿಮ್ಮದು, ಆದರೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಹಣದ ತುರ್ತು ಇಲ್ಲದವರು ಎರಡನೆಯ ದಾರಿ ಹಿಡಿಯುವುದೇ ಮೇಲು. ಹೊರದೇಶಕ್ಕೆ ಮಾರುವುದಾದರೆ ಬೆರಳುಹಲಗೆಯ ಮರ ಯಾವುದೆಂದು ಮೊದಲೇ ತಿಳಿದುಕೊಳ್ಳಿ. ಬ್ರೆಜಿಲಿನ ಬೀಟೆಯಾಗಿದ್ದರೆ, ಅದು 1992ರಿಂದ ಸೈಟಿಸ್ (ಅಳಿವಿನಂಚಿನ ಸಸ್ಯ, ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ) ಒಪ್ಪಂದದ ಮೊದಲ ಅನುಬಂಧದಲ್ಲಿರುವುದರಿಂದ, ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ಬೇರೆ ಜಾತಿಯ ಬೀಟೆಯಿಂದ ಮಾಡಿದ ಸಿದ್ಧ ವಾದ್ಯಗಳಿಗೆ 2019ರ ಕೊನೆಯಿಂದ ಆ ತೊಡಕು ಇಲ್ಲ.

ಮನಸ್ಸು ಒಪ್ಪುತ್ತಿಲ್ಲ ಎಂದಿದ್ದೀರಿ. ಅದನ್ನು ಸಣ್ಣ ಮಾತೆಂದು ನಾನು ತಳ್ಳಿಹಾಕಲಾರೆ. ಎಂಟಾಣೆ ಮನಸ್ಸಿನಲ್ಲಿ ಮಾರಿದವರು ಆಮೇಲೆ ಅದೇ ಗಿಟಾರನ್ನು ಹುಡುಕಿಕೊಂಡು ಹೋಗಿ ಎರಡರಷ್ಟು ಕೊಡುವುದುಂಟು. ಒಂದು ತಿಂಗಳು ತೆಳು ತಂತಿ ಹಾಕಿಸಿ, ತಂತಿಗಳ ಎತ್ತರವನ್ನು ತಗ್ಗಿಸಿ ನೋಡಿ. ಬೆರಳಿಗೆ ಬೀಳುವ ಒತ್ತಡ ಸಾಕಷ್ಟು ಕಡಿಮೆಯಾಗುತ್ತದೆ. ಆಗಲೂ ಕೈ ಸಾಗದಿದ್ದರೆ, ಬಂದಷ್ಟನ್ನೇ ನುಡಿಸಿ ಧ್ವನಿಮುದ್ರಿಸಿಕೊಂಡು, ನಂತರ ಮಾರಿ. ಯಾರಿಂದ, ಯಾವಾಗ ಕೊಂಡಿರಿ, ಏನೇನು ಬದಲಾಯಿಸಿದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಪೆಟ್ಟಿಗೆಯೊಳಗಿಡಿ, ವೇದಿಕೆಯ ಮೇಲಿನ ಹಳೆಯ ಫೋಟೋ ಇದ್ದರೆ ಅದರ ಪ್ರತಿಯನ್ನೂ ಸೇರಿಸಿ. ಕೊಂಡವರು ಮುಂದೆಂದಾದರೂ ಮಾರುವುದಾದರೆ ಮೊದಲು ನಿಮಗೇ ತಿಳಿಸಬೇಕೆಂಬ ಕೋರಿಕೆಯನ್ನು ಆ ಹಾಳೆಯ ಕೊನೆಯಲ್ಲಿ ಬರೆಯಲು ಸಂಕೋಚಪಡಬೇಡಿ.