ಐಸ್‌ಲ್ಯಾಂಡ್‌ನ ಹೆಂಗಸರು ಸರಿಯಾಗಿ 2:38ಕ್ಕೇ ಕೆಲಸ ಬಿಟ್ಟು ಹೊರಟಿದ್ದು ಯಾಕೆ?

ಆ ಹೊತ್ತಿನಿಂದ ಮುಂದೆ ಮಾಡುವುದೆಲ್ಲ ಬಿಟ್ಟಿ ದುಡಿಮೆ ಅಂತ ತೋರಿಸೋಕೆ. 2016ರ ಅಕ್ಟೋಬರ್ 24ರಂದು ಸಾವಿರಾರು ಹೆಂಗಸರು ಹಾಗೆ ಎದ್ದು ಹೊರಟರು.

ಲೆಕ್ಕ ಸುಲಭ. ಬೆಳಿಗ್ಗೆ 9ರಿಂದ ಸಂಜೆ 5 ಅಂದರೆ 480 ನಿಮಿಷ. ಗಂಡಸರ ಸರಾಸರಿ ಗಳಿಕೆ 100 ಅಂದುಕೊಂಡರೆ ಹೆಂಗಸರದ್ದು ಆಗ 70ಕ್ಕಿಂತ ಚೂರು ಜಾಸ್ತಿ. 480 ನಿಮಿಷದಲ್ಲಿ ಅಷ್ಟು ಪಾಲು ತೆಗೆದರೆ 338 ನಿಮಿಷ. 9 ಗಂಟೆಗೆ ಕೂಡಿಸಿ ನೋಡಿ, 2:38 ಬರುತ್ತದೆ. 'ಶೇ 30 ಕಡಿಮೆ' ಅಂದರೆ ಯಾರೂ ತಲೆ ಎತ್ತುವುದಿಲ್ಲ. ಪಕ್ಕದ ಮೇಜಿನವರು ಬ್ಯಾಗ್ ಎತ್ತಿಕೊಂಡು ಹೊರಟರೆ ಎತ್ತಲೇಬೇಕು, ಅಲ್ವಾ?

ಒಂದು ಮಾತು: ಇದು ಒಟ್ಟು ಗಳಿಕೆಯ ಸರಾಸರಿ. ಒಂದೇ ಕೆಲಸಕ್ಕೆ ಶೇ 30 ಕಡಿಮೆ ಕೊಡುತ್ತಾರೆ ಅಂತಲ್ಲ. ಸಂಬಳ ಕಮ್ಮಿ ಇರುವ ಕೆಲಸಗಳಲ್ಲಿ, ಅರ್ಧ ದಿನದ ಕೆಲಸಗಳಲ್ಲಿ ಹೆಂಗಸರೇ ಜಾಸ್ತಿ ಇರುವುದೂ ಇದರೊಳಗೆ ಸೇರಿದೆ.

ಅಕ್ಟೋಬರ್ 24 ಕೂಡ ಸುಮ್ನೆ ಆರಿಸಿದ ದಿನವಲ್ಲ. 1975ರಲ್ಲಿ ಅದೇ ದಿನ ಅಲ್ಲಿನ ಸುಮಾರು ಶೇ 90ರಷ್ಟು ಹೆಂಗಸರು ಆಫೀಸು, ಅಡುಗೆ, ಮಕ್ಕಳು ಎಲ್ಲ ಬಿಟ್ಟು ಬೀದಿಗೆ ಬಂದಿದ್ದರು. ಅಪ್ಪಂದಿರು ಮಕ್ಕಳನ್ನು ಆಫೀಸಿಗೆ ಕರೆದುಕೊಂಡು ಹೋದರು. ಬೇಯಿಸಲು ಸುಲಭ ಅಂತ ಎಲ್ಲರೂ ಸಾಸೇಜ್‌ಗೆ ಮುಗಿಬಿದ್ದು ಅಂಗಡಿಗಳಲ್ಲಿ ಅದೇ ಖಾಲಿ!

2005ರಲ್ಲಿ ಹೆಂಗಸರು ಹೊರಟಿದ್ದು 2:08ಕ್ಕೆ. 2018ರಲ್ಲಿ 2:55ಕ್ಕೆ.